ನಾಯಿ ಬಾಯಿ ತಾನೇ, ನಾರುತ್ತೆ ಬಿಡಿ!

ಒಂದು ಬೆಳಿಗ್ಗೆ ಎದ್ದು ನೋಡಿದ್ರೆ ನಮ್ಮ ನಾಯಿ ಕರಿಯನ ಬಲಗಣ್ಣಿನ ಕೆಳಗೆ ಊತ. ಜೇನ್ನೊಣ ಕಚ್ಚಿರಬೇಕು ಅಂದುಕೊಂಡೆ. ಡಾಕ್ಟರು ನೇರ ತುಟಿ ಎತ್ತಿದರು. ಮೇಲಿನ ದೊಡ್ಡ ದವಡೆಹಲ್ಲು ಸೀಳಿ, ಬೇರಿನಲ್ಲಿ ಕೀವು ತುಂಬಿತ್ತು. ಆ ಹಲ್ಲಿನ ಬೇರು ಇರುವುದೇ ಕಣ್ಣಿನ ಕೆಳಗೆ. ಸೀಳಿದ್ದು ಹೇಗೆ? 'ಹಲ್ಲು ಕ್ಲೀನ್ ಆಗ್ಲಿ' ಅಂತ ಪ್ರತಿ ಭಾನುವಾರ ನಾನೇ ಹಾಕುತ್ತಿದ್ದ ಮಟನ್ ಮೂಳೆಯಿಂದ!

ತಿಂಗಳುಗಟ್ಟಲೆ ಅವನ ಬಾಯಿ ನಾರುತ್ತಿತ್ತು. ಊಟ ಬಿಟ್ಟಿರಲಿಲ್ಲವಲ್ಲ, ಹಾಗಾಗಿ ತಲೆ ಕೆಡಿಸಿಕೊಳ್ಳಲಿಲ್ಲ. ನೋವಿದ್ದರೂ ಅವು ತಿನ್ನುತ್ತವೆ. ಒಂದೇ ಕಡೆ ಅಗಿಯುತ್ತಿದ್ದದ್ದು ನನ್ನ ಕಣ್ಣಿಗೇ ಬಿದ್ದಿರಲಿಲ್ಲ. ಬೆಕ್ಕುಗಳಂತೂ ನೋವು ಮುಚ್ಚಿಡೋದ್ರಲ್ಲಿ ಇನ್ನೂ ಜಾಣ.

ಅನಸ್ತೇಶಿಯಾ ಕೊಟ್ಟು ಹಲ್ಲು ಕಿತ್ತರು. 42ರಲ್ಲಿ ಒಂದು ಹೋಯ್ತು. ಉಳಿದ 41ಕ್ಕೆ ಈಗ ದಿನಾ ರಾತ್ರಿ ಬ್ರಶ್. ನಮ್ಮ ಪೇಸ್ಟ್ ಮಾತ್ರ ಬೇಡವೇ ಬೇಡ. ನಾಯಿ ಉಗುಳಲ್ಲ, ನುಂಗುತ್ತೆ. ಕೆಲವು ಪೇಸ್ಟ್‌ಗಳಲ್ಲಿರುವ ಕ್ಸೈಲಿಟಾಲ್ ನಾಯಿಗೆ ವಿಷ. ಮೊದಲ ವಾರ ಬೆರಳಿಗೆ ಒದ್ದೆ ಬಟ್ಟೆ ಸುತ್ತಿ, ಕೆನ್ನೆ ಕಡೆಯ ಮೈಯನ್ನಷ್ಟೇ ಉಜ್ಜಿದೆ. ಈಗ ಟ್ಯೂಬಿನ ಮುಚ್ಚಳ ತೆಗೆದ ಸದ್ದಿಗೇ ಕರಿಯ ಸೋಫಾ ಕೆಳಗೆ. ಚಿಕನ್ ಫ್ಲೇವರ್ ಕಣೋ ಅಂದ್ರೂ ನಂಬಲ್ಲ.