ವಿಂಡೋಸ್ 10 ಕೈಬಿಡುವ ಮುನ್ನ ಸ್ವಲ್ಪ ನಿಲ್ಲಿ

‘ಮುಂದಿನ ಆವೃತ್ತಿಗೆ ವಿಂಡೋಸ್ 11 ಅಥವಾ ಅದಕ್ಕಿಂತ ಹೊಸದು ಬೇಕು.’ ಇವತ್ತಲ್ಲ ನಾಳೆ ನಾವು ದಿನಾ ಬಳಸುವ ಒಂದೊಂದೇ ಸಾಫ್ಟ್‌ವೇರ್ ಈ ಸಾಲು ಬರೆಯಲಿದೆ, ಅದರಲ್ಲಿ ನನಗೆ ಅನುಮಾನವಿಲ್ಲ. ಬರೆಯುವವರಿಗೆ ಅದು ಒಂದು ಸಾಲು. ಹೋಬಳಿಯ ಡಿಟಿಪಿ ಅಂಗಡಿಗೆ, ತಾಲ್ಲೂಕಿನಿಂದ ಹೊರಡುವ ವಾರಪತ್ರಿಕೆಗೆ ಅದು ಹೊಸ ಕಂಪ್ಯೂಟರಿನ ಬಿಲ್ಲು.

ಹಿಂದೆಯೂ ಹೀಗೆ ಆಗಿದೆಯಲ್ಲ, ಆಗ ಏನು ಮುಳುಗಿಹೋಯಿತು ಎಂದು ಕೇಳುವವರಿದ್ದಾರೆ. ಆಗಿದೆ, ನಿಜ. ಮೈಕ್ರೋಸಾಫ್ಟ್ ವಿಂಡೋಸ್ 7ಕ್ಕೆ ಉಚಿತ ಭದ್ರತಾ ತೇಪೆ ಹಾಕುವುದನ್ನು 2020ರ ಜನವರಿ 14ಕ್ಕೆ ನಿಲ್ಲಿಸಿತು. ದುಡ್ಡು ಕೊಟ್ಟ ಸಂಸ್ಥೆಗಳಿಗೆ ಇನ್ನೂ ಮೂರು ವರ್ಷ ಕೊಟ್ಟಿತು. ಆ ಮೂರು ವರ್ಷ ಮುಗಿಯುವವರೆಗೂ ಗೂಗಲ್ ಕಾಯಿತು. 2023ರ ಫೆಬ್ರುವರಿಯಲ್ಲಿ ಬಂದ ಕ್ರೋಮ್ 110ಕ್ಕೆ ವಿಂಡೋಸ್ 10 ಬೇಕಾಯಿತು. ಅದನ್ನು ನಾನು ಅನ್ಯಾಯ ಎನ್ನುವುದಿಲ್ಲ. ತಳಪಾಯವೇ ಕುಸಿದಿರುವ ಮನೆಗೆ ಸುಣ್ಣ ಬಳಿಯುತ್ತಾ ಕೂರಲು ಯಾರಿಗೂ ಆಗದು.

ಆದರೆ ಆಮೇಲೆ ಏನಾಯಿತು ನೋಡಿ. ಕ್ರೋಮ್ ಬಿಟ್ಟಿತು ಎಂದು ಕ್ರೋಮಿಯಂ ಎಂಜಿನ್ನನ್ನೇ ಹೊಟ್ಟೆಯಲ್ಲಿಟ್ಟುಕೊಂಡ ಎಲೆಕ್ಟ್ರಾನ್ ತನ್ನ 23ನೇ ಆವೃತ್ತಿಯಿಂದ ಬಿಟ್ಟಿತು. ಎಲೆಕ್ಟ್ರಾನ್ ಬಿಟ್ಟಿದ್ದಕ್ಕೆ ಅದರ ಮೇಲೆ ಕಟ್ಟಿದ ಸಾಫ್ಟ್‌ವೇರುಗಳು ಒಂದರ ಹಿಂದೆ ಒಂದು ಬಿಟ್ಟವು. ಆಟಗಳ ಅಂಗಡಿಯಾದ ಸ್ಟೀಮ್ 2024ರ ಜನವರಿ 1ಕ್ಕೆ ಬಾಗಿಲು ಹಾಕುವಾಗ ಕೊಟ್ಟ ಕಾರಣವೂ ಇದೇ: ನಮ್ಮೊಳಗೆ ಕ್ರೋಮ್ ಇದೆ, ಅದು ಹಳೆಯ ವಿಂಡೋಸಿನಲ್ಲಿ ಓಡುವುದಿಲ್ಲ. ಗೋ ಭಾಷೆ 1.21ಕ್ಕೆ, ರಸ್ಟ್ 1.78ಕ್ಕೆ ವಿಂಡೋಸ್ 10 ಅನ್ನೇ ಕನಿಷ್ಠ ಮಾಡಿಕೊಂಡವು. ಒಬ್ಬ ಹೆಜ್ಜೆ ಎತ್ತಿಟ್ಟರೆ ಸಾಲಿನಲ್ಲಿದ್ದವರೆಲ್ಲ ಎತ್ತಿಡುತ್ತಾರೆ. ‘ನಾವೇನು ಮಾಡೋಣ, ಕೆಳಗಿನವರು ಬಿಟ್ಟರು’ ಎಂಬ ಉತ್ತರ ಮಾತ್ರ ಎಲ್ಲರ ಬಳಿಯೂ ಸಿದ್ಧ. ತಹಸೀಲ್ದಾರ್ ಕಚೇರಿಗೆ ಅಲೆದವರಿಗೆ ಈ ಉತ್ತರ ಹೊಸದಲ್ಲ.

ಆಗ ಒಂದು ದಾರಿಯಿತ್ತು. ವಿಂಡೋಸ್ 7 ಓಡುತ್ತಿದ್ದ ಹೆಚ್ಚಿನ ಪೆಟ್ಟಿಗೆಗಳಿಗೆ, ತೆವಳುತ್ತಲಾದರೂ, ವಿಂಡೋಸ್ 10 ಹಾಕಬಹುದಿತ್ತು. ರ‍್ಯಾಮ್ ಸೇರಿಸಿ, ಒಂದು ಎಸ್‌ಎಸ್‌ಡಿ ಕೂರಿಸಿದರೆ ಐದಾರು ವರ್ಷ ದೂಡಬಹುದಿತ್ತು. ಈ ಸಲ ಆ ದಾರಿಗೆ ಬೇಲಿ ಬಿದ್ದಿದೆ. ವಿಂಡೋಸ್ 11ಕ್ಕೆ ಟಿಪಿಎಂ 2.0 ಭದ್ರತಾ ವ್ಯವಸ್ಥೆ ಬೇಕು, ಇಂಟೆಲ್ ಆದರೆ ಬಹುತೇಕ ಎಂಟನೇ ತಲೆಮಾರಿನ ಪ್ರೊಸೆಸರ್ ಬೇಕು. ಆ ತಲೆಮಾರು ಮಾರುಕಟ್ಟೆಗೆ ಬಂದದ್ದೇ 2017ರಲ್ಲಿ. ಅದಕ್ಕಿಂತ ಹಿಂದಿನ ಯಂತ್ರ ಎಷ್ಟೇ ಗಟ್ಟಿಮುಟ್ಟಾಗಿರಲಿ, ಮೈಕ್ರೋಸಾಫ್ಟಿನ ಲೆಕ್ಕದಲ್ಲಿ ಗುಜರಿ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಹಾಗಾಗಿ ಡೆಸ್ಕ್‌ಟಾಪ್ ಸಾಫ್ಟ್‌ವೇರ್ ಬರೆಯುವವರು ಹಳೆಯ ಅಭ್ಯಾಸಬಲದಿಂದ ಈ ಗೆರೆಯನ್ನೂ ದಾಟಿದರೆ, ಬಳಸುವವನಿಗೆ ‘ಅಪ್‌ಡೇಟ್ ಮಾಡಿಕೋ’ ಎಂದಂತಲ್ಲ, ‘ಕೊಂಡುಕೋ’ ಎಂದಂತೆ.

‘ಲಿನಕ್ಸ್ ಹಾಕಿಕೊಳ್ಳಿ’ ಎನ್ನುವ ಗೆಳೆಯರಿಗೆ ನಮಸ್ಕಾರ. ನಾನೂ ಲಿನಕ್ಸ್ ಪ್ರೇಮಿಯೇ. ಆದರೆ ಒಮ್ಮೆ ನಮ್ಮ ಕಡೆಯ ಮುದ್ರಣಾಲಯಕ್ಕೆ ಬನ್ನಿ. ಅಲ್ಲಿ ಇವತ್ತಿಗೂ ಪುಟ ಕಟ್ಟುವುದು ಪೇಜ್‌ಮೇಕರಿನಲ್ಲಿ. ಅದರ 7.0 ಆವೃತ್ತಿ ಬಂದದ್ದು 2001ರಲ್ಲಿ, ಅದರಾಚೆ ಅದು ಬೆಳೆಯಲೇ ಇಲ್ಲ. ಯೂನಿಕೋಡ್ ಅದಕ್ಕೆ ಗೊತ್ತಿಲ್ಲ, ಆದ್ದರಿಂದ ಅಕ್ಷರಗಳು ನುಡಿಯ ಹಳೆಯ ಆಸ್ಕಿ ಫಾಂಟಿನವು. ಇಪ್ಪತ್ತು ವರ್ಷದ ಲಗ್ನಪತ್ರಿಕೆ, ಜಾತ್ರೆಯ ಕರಪತ್ರ, ಸೊಸೈಟಿಯ ವಾರ್ಷಿಕ ವರದಿ ಎಲ್ಲ ಅದೇ ರೂಪದಲ್ಲಿವೆ. ಪ್ರಿಂಟರಿನ ಡ್ರೈವರ್ ಕೂಡ ಆ ಕಾಲದ್ದೇ. ಹಟಕ್ಕೆ ಬಿದ್ದು ಹಳೆಯದನ್ನು ಇಟ್ಟುಕೊಂಡವರಲ್ಲ ಇವರು. ಅನ್ನ ಅದರ ಮೇಲೆ ನಿಂತಿದೆ. ಅದೇ ಯಂತ್ರದಲ್ಲಿ ಬ್ರೌಸರ್ ತೆರೆದು ಜಿಎಸ್‌ಟಿ ಕಟ್ಟಬೇಕು, ಜಾಹೀರಾತಿನ ಇಮೇಲ್ ನೋಡಬೇಕು.

‘ನಮ್ಮ ಬಳಕೆದಾರರಲ್ಲಿ ಹಳೆಯ ವಿಂಡೋಸಿನವರು ಬೆರಳೆಣಿಕೆ’ ಎಂಬ ಲೆಕ್ಕವನ್ನು ನಾನು ಸುಲಭಕ್ಕೆ ನಂಬುವುದಿಲ್ಲ. ಲೆಕ್ಕ ಬರುವುದು ಯಂತ್ರ ಕಳಿಸುವ ವರದಿಯಿಂದ. ವಾರಕ್ಕೊಮ್ಮೆ ಮೊಬೈಲ್ ಹಾಟ್‌ಸ್ಪಾಟಿಗೆ ಸಿಕ್ಕಿಸುವ ಕಂಪ್ಯೂಟರ್ ಏನು ವರದಿ ಕಳಿಸೀತು? ಮನುಷ್ಯರ ಜನಗಣತಿಗಾದರೂ ಮನೆ ಬಾಗಿಲಿಗೆ ಬರುತ್ತಾರೆ.

ಆಗದ್ದನ್ನು ಯಾರೂ ಕೇಳುತ್ತಿಲ್ಲ. ಮೊಜಿಲ್ಲಾ ಮಾಡಿದ್ದನ್ನು ನೋಡಿ. 2023ರ ಜುಲೈಯಲ್ಲಿ ಬಂದ ಫೈರ್‌ಫಾಕ್ಸ್ 115ನ್ನು ವಿಂಡೋಸ್ 7 ಮತ್ತು 8ರವರಿಗೆ ಕೊನೆಯದೆಂದು ಘೋಷಿಸಿತು. ಹೊಸ ಸೌಲಭ್ಯ ಕೊಡಲಿಲ್ಲ, ಭದ್ರತಾ ತೇಪೆ ಮಾತ್ರ ಹಾಕುತ್ತಾ ಹೋಯಿತು. ಮೊದಲ ಗಡುವು 2024ರ ಸೆಪ್ಟೆಂಬರ್. ಬಳಸುವವರು ಇನ್ನೂ ಇದ್ದಾರೆಂದು ಅದನ್ನು ಮತ್ತೆ ಮತ್ತೆ ಮುಂದೂಡಿತು. ಲಿಬ್ರೆಆಫೀಸ್ ಕೂಡ 25.8ರಲ್ಲಿ ವಿಂಡೋಸ್ 7 ಮತ್ತು 8ನ್ನು ಬಿಟ್ಟಿತು, ಆದರೆ ಅದರ ಹಳೆಯ ಆವೃತ್ತಿಗಳೆಲ್ಲ ಸಂಗ್ರಹದಲ್ಲಿ ಇವತ್ತಿಗೂ ಸಿಗುತ್ತವೆ. ಇವೆರಡೂ ಲಾಭಕ್ಕೆಂದು ಹುಟ್ಟಿದ ಸಂಸ್ಥೆಗಳ ಹಂಗಿನಲ್ಲಿಲ್ಲದ ಸಾಫ್ಟ್‌ವೇರುಗಳು ಎಂಬುದನ್ನು ಗಮನಿಸಿ.

ಯುರೋಪಿನ ಗ್ರಾಹಕ ಸಂಘಟನೆಯವರು ಗಟ್ಟಿಯಾಗಿ ಕೇಳಿದ್ದಕ್ಕೆ ಮೈಕ್ರೋಸಾಫ್ಟ್ ಅಲ್ಲಿಯವರಿಗೆ ವಿಂಡೋಸ್ 10ರ ಒಂದು ವರ್ಷದ ಹೆಚ್ಚುವರಿ ತೇಪೆಯ ಷರತ್ತುಗಳನ್ನು ಸಡಿಲಿಸಿತು. ನಮ್ಮಲ್ಲಿ ಕೇಳಿದವರು ಯಾರು? ಬೆಂಗಳೂರಿನ ಕಂಪನಿಗಳಲ್ಲಿ ಕೂತು ಇದೇ ಕನಿಷ್ಠ ಆವೃತ್ತಿಯ ಸಾಲು ಬರೆಯುವವರಲ್ಲಿ ನಮ್ಮ ಊರಿನ ಹುಡುಗ ಹುಡುಗಿಯರೂ ಇದ್ದಾರೆ. ಮುಂದಿನ ಮೀಟಿಂಗಿನಲ್ಲಿ ಆ ಸಾಲು ಬಂದಾಗ ಅವರು ಎರಡು ಪ್ರಶ್ನೆ ಕೇಳಲಿ: ಕೊನೆಯ ಆವೃತ್ತಿಗೆ ಎಷ್ಟು ವರ್ಷ ತೇಪೆ ಹಾಕುತ್ತೇವೆ? ಅದರ ಇನ್‌ಸ್ಟಾಲರನ್ನು ಎಲ್ಲಿ ಇಡುತ್ತೇವೆ?