ಭಂಗಾರವೋ, ಬಂಗಾರವೋ?

ಹೋದ ತಿಂಗಳು ನಮ್ಮ ಹಿತ್ತಲಿಗೆ ಭಂಗಾರದವನು ಬಂದಿದ್ದ. ಬೇರೆ ಸೀಮೆಯ ಮಕ್ಕಳಿಗೆ ಈ ಮಾತು ಕೇಳಿ ಗೊಂದಲವಾದೀತು. ಮರಾಠಿ, ಹಿಂದಿಯಲ್ಲಿ ‘ಭಂಗಾರ’ ಎಂದರೆ ಗುಜರಿ ಸಾಮಾನು. ನಮ್ಮ ಬೆಳಗಾವಿ ಕಡೆ ಆ ಮಾತು ಹಾಗೇ ಓಡಾಡುತ್ತದೆ. ಅದಕ್ಕೂ ನಮ್ಮ ಬಂಗಾರಕ್ಕೂ ನಡುವೆ ಇರುವುದು ಒಂದೇ ಒಂದು ಮಹಾಪ್ರಾಣ.

ಆತ ಶೆಡ್ಡಿನ ಮೂಲೆಯಲ್ಲಿ ಹಳೆಯ ಕೌದಿ ಹೊದ್ದು ನಿಂತಿದ್ದ ವಸ್ತುವನ್ನು ನೋಡಿದ. ಕೌದಿ ಸರಿಸಿ, ಬೆರಳಿನಿಂದ ಟಣ್ ಟಣ್ ಎಂದು ತಟ್ಟಿ, “ಅಜ್ಜಾರ, ತೂಕದ ಮ್ಯಾಲ ಒಂಬತ್ತ ಸಾವಿರ ಕೊಡ್ತೀನ್ರಿ. ಒಳಗಿನ ಕನ್ನಡಿ ನಮಗ ಬ್ಯಾಡ, ಒಡದ ಒಗದಬಿಡ್ರಿ” ಎಂದ.

ಅವನದು ತಪ್ಪಲ್ಲ. ಅವನ ತಕ್ಕಡಿಗೆ ಕಬ್ಬಿಣ, ಹಿತ್ತಾಳೆ, ತಾಮ್ರ ಮಾತ್ರ ಕಾಣುತ್ತವೆ. ಆದರೆ ಅವನು ಒಡೆದು ಒಗೆಯಿರಿ ಎಂದದ್ದು ಆ ವಸ್ತುವಿನ ಜೀವವನ್ನೇ.

ಅದು ಸೈನ್ಯದ ಸರ್ಚ್‌ಲೈಟ್. ಅಡ್ಡಳತೆ 24 ಇಂಚು. ಹಿತ್ತಾಳೆಯ ಪಟ್ಟಿಯ ಮೇಲೆ 1942 ಎಂದು ಕೊರೆದಿದೆ. ಈ ಪುಟ ಓದುವ ಅಜ್ಜ ಅಜ್ಜಿಯರಿಗೆ ಸರ್ಚ್‌ಲೈಟ್ ಅಂದಕೂಡಲೇ ಸರ್ಕಸ್ ನೆನಪಾಗಿರಬೇಕು. ಊರಿಗೆ ಸರ್ಕಸ್ ಬಂದರೆ ರಾತ್ರಿ ಆಕಾಶದಲ್ಲಿ ಒಂದು ಬಿಳಿಯ ಬೆಳಕಿನ ಕೋಲು ಗಿರಗಿರ ತಿರುಗುತ್ತಿತ್ತಲ್ಲ, ಅಂಥದೇ ದೀಪ ಇದು.

ನಮ್ಮ ಊರು ಕುಲಗೋಡ. ಶ್ರೀಕೃಷ್ಣ ಪಾರಿಜಾತದ ಆಟವನ್ನು ಜನರ ನಾಲಿಗೆಯ ಮೇಲೆ ನಿಲ್ಲಿಸಿದ ಕುಲಗೋಡ ತಮ್ಮಣ್ಣನ ಊರು. ಪಕ್ಕದ ಕೌಜಲಗಿಯ ನಿಂಗಮ್ಮ ಅದೇ ಆಟದಿಂದ ನಾಡಿಗೆಲ್ಲ ಹೆಸರಾದವರು. ಇಂಥ ಬಯಲಾಟಗಳಿಗೆ ಮೊದಲು ಪಂಜಿನ ಬೆಳಕು ಇತ್ತು, ಆಮೇಲೆ ಗ್ಯಾಸ್ ಬತ್ತಿ ಬಂತು. ಸಣ್ಣವನಿದ್ದಾಗ ಆಟ ನೋಡುತ್ತ ನನ್ನ ಕಣ್ಣು ಪಾತ್ರಧಾರಿಗಳಿಗಿಂತ ಆ ಬತ್ತಿಯ ಮೇಲೇ ಇರುತ್ತಿತ್ತು. ಹಳೆಯ ದೀಪ ಕೂಡಿಸುವ ಹುಚ್ಚು ಅಲ್ಲಿಂದಲೇ ಹತ್ತಿರಬೇಕು. ಈಗ ನನ್ನ ಹತ್ತಿರ ಕಂದೀಲು, ಗ್ಯಾಸ್ ಬತ್ತಿ, ರೈಲಿನ ಕೈದೀಪ ಎಲ್ಲ ಸೇರಿ 40ಕ್ಕೂ ಹೆಚ್ಚು ದೀಪಗಳಿವೆ. ಅವುಗಳಲ್ಲಿ ನಾನು ಕೊಂಡು ತರದೇ ಮನೆಯಲ್ಲೇ ಇದ್ದದ್ದು ಈ ಸರ್ಚ್‌ಲೈಟ್ ಒಂದೇ.

ನಮ್ಮಪ್ಪ ಊರೂರು ತಿರುಗುವ ಒಂದು ಟೂರಿಂಗ್ ಟಾಕೀಸಿನಲ್ಲಿ ಜನರೇಟರ್ ನೋಡಿಕೊಳ್ಳುತ್ತಿದ್ದರು. ಯುದ್ಧ ಮುಗಿದ ಮೇಲೆ ಸೈನ್ಯದ ಹೆಚ್ಚುವರಿ ಸಾಮಾನು ಹರಾಜಾದಾಗ ಟಾಕೀಸಿನ ಮಾಲೀಕರು ಈ ದೀಪ ತಂದಿದ್ದರಂತೆ. ಡೇರೆ ಹಾಕಿದ ಊರಿನಲ್ಲಿ ಸಂಜೆ ಅದನ್ನು ಆಕಾಶಕ್ಕೆ ತಿರುಗಿಸಿದರೆ ಸುತ್ತಲಿನ ಹಳ್ಳಿಗಳಿಗೆ ಬೇರೆ ಜಾಹೀರಾತು ಬೇಕಿರಲಿಲ್ಲ. ಕುಲಗೋಡದಲ್ಲಿ ಹಚ್ಚಿದರೆ ಯಾದವಾಡ, ಕೌಜಲಗಿಯ ಹುಡುಗರು ಚಕ್ಕಡಿ ಹತ್ತುತ್ತಿದ್ದರು. ಆದರೆ ಜನರೇಟರಿಗೆ ಸಿನಿಮಾ ಯಂತ್ರವನ್ನೂ ಈ ದೀಪವನ್ನೂ ಒಟ್ಟಿಗೆ ಹೊರುವ ಶಕ್ತಿ ಇರಲಿಲ್ಲ. ಹೀಗಾಗಿ ಆಕಾಶದ ಬೆಳಕು ಪಟ್ಟನೆ ಆರಿತೆಂದರೆ ಚಿತ್ರ ಶುರುವಾಯಿತು ಎಂದೇ ಅರ್ಥ. ದಾರಿಯಲ್ಲಿದ್ದವರು ಆಗ ಓಡಲು ಶುರುಮಾಡುತ್ತಿದ್ದರು.

ಮುಂದೆ ಟಾಕೀಸು ಮುಚ್ಚಿತು. ಅಪ್ಪನಿಗೆ ಬರಬೇಕಿದ್ದ ಮೂರು ತಿಂಗಳ ಪಗಾರ ಬರಲಿಲ್ಲ. ಬದಲಿಗೆ ಈ ದೀಪ ಚಕ್ಕಡಿಯಲ್ಲಿ ಮನೆಗೆ ಬಂತು. ಅವ್ವ ಅದನ್ನು ನೋಡಿ, “ಇದನ್ನ ಬೀಸಿ ರೊಟ್ಟಿ ಬಡೀಲೇನು?” ಎಂದು ಕೇಳಿದ್ದು ನನಗೆ ಇನ್ನೂ ನೆನಪಿದೆ.

ಮಕ್ಕಳೇ, ಇಷ್ಟು ಬೆಳಕು ಬರುವುದು ಹೇಗೆ? ಇದರೊಳಗೆ ಬಲ್ಬು ಇಲ್ಲ. ಪೆನ್ಸಿಲಿನಂಥ ಎರಡು ಇಂಗಾಲದ ಕಡ್ಡಿಗಳಿವೆ. ಅವುಗಳಲ್ಲಿ ವಿದ್ಯುತ್ ಹರಿಸಿ, ತುದಿಗೆ ತುದಿ ತಾಗಿಸಿ, ಮೆಲ್ಲಗೆ ಸ್ವಲ್ಪ ದೂರ ಸರಿಸಿದರೆ ನಡುವಿನ ಸಂದಿಯಲ್ಲಿ ವಿದ್ಯುತ್ ಜಿಗಿದು ಉರಿಯುತ್ತದೆ. ಅದೇ ಆರ್ಕ್. ಹಂಫ್ರಿ ಡೇವಿ ಎಂಬ ವಿಜ್ಞಾನಿ ಲಂಡನ್ನಿನಲ್ಲಿ 19ನೇ ಶತಮಾನದ ಆರಂಭದಲ್ಲೇ ಇದನ್ನು ತೋರಿಸಿದ್ದ. ಕಡ್ಡಿಯ ತುದಿ 3,500 ಡಿಗ್ರಿ ಸೆಲ್ಸಿಯಸ್‌ಗೂ ಹೆಚ್ಚು ಕಾಯುತ್ತದೆ. ಕಬ್ಬಿಣ ಕರಗುವುದು 1,538 ಡಿಗ್ರಿಯಲ್ಲಿ. ಲೆಕ್ಕ ಹಾಕಿ ನೋಡಿ.

ಬೆಳಕು ಎಲ್ಲ ದಿಕ್ಕಿಗೂ ಚೆಲ್ಲಿದರೆ ದೂರ ಹೋಗುವುದಿಲ್ಲ. ಅದಕ್ಕೇ ಹಿಂದೆ ಪರವಲಯ ಆಕಾರದ ಕನ್ನಡಿ ಇರುತ್ತದೆ. ಅದರ ಸಂಗಮ ಬಿಂದುವಿನಲ್ಲಿ ಆರ್ಕ್ ಉರಿದರೆ, ಕನ್ನಡಿಗೆ ಬಡಿದ ಕಿರಣಗಳೆಲ್ಲ ಒಂದಕ್ಕೊಂದು ಸಮಾನಾಂತರವಾಗಿ ಹೊರಡುತ್ತವೆ. ಕಡ್ಡಿಗಳು ಉರಿದು ಸವೆಯುವುದರಿಂದ ಒಂದು ಪುಟ್ಟ ಮೋಟಾರು ಅವನ್ನು ಸದಾ ಮುಂದೆ ತಳ್ಳುತ್ತಿರಬೇಕು. ಮುಂದಿನ ಬಾಗಿಲಿನ ಗಾಜು ಒಂದೇ ತುಂಡಲ್ಲ, ಉದ್ದುದ್ದ ಪಟ್ಟಿಗಳು. ಬಿಸಿಗೆ ಗಾಜು ಹಿಗ್ಗಿದಾಗ ಒಡೆಯಬಾರದೆಂದು ಈ ಉಪಾಯ.

ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಸೈನ್ಯ ಬಳಸಿದ ದೊಡ್ಡ ಸರ್ಚ್‌ಲೈಟ್ 60 ಇಂಚಿನದು. ಅದರ ಬೆಳಕು 80 ಕೋಟಿ ಮೇಣದಬತ್ತಿಗಳಿಗೆ ಸಮ ಎಂದು ಲೆಕ್ಕ. ರಾತ್ರಿ ಬರುವ ಶತ್ರು ವಿಮಾನವನ್ನು ಹುಡುಕಿ ತೋರಿಸುವುದು ಅದರ ಕೆಲಸ. ರಾಡಾರ್ ಸುಧಾರಿಸಿದ ಮೇಲೆ ಈ ದೀಪಗಳಿಗೆ ಕೆಲಸ ಉಳಿಯಲಿಲ್ಲ. ಸಾವಿರಗಟ್ಟಲೆ ದೀಪಗಳು ಮಾರಾಟವಾದವು. ಕೆಲವು ಸರ್ಕಸ್ಸು, ಸಿನಿಮಾ ಸೇರಿದವು. ಬಹಳಷ್ಟು ತಾಮ್ರ, ಹಿತ್ತಾಳೆಯ ಆಸೆಗೆ ಒಡೆದುಹೋದವು. ಎಲ್ಲರೂ ಒಡೆದದ್ದರಿಂದಲೇ ಉಳಿದದ್ದು ಅಪರೂಪವಾಯಿತು.

ನಮ್ಮ ಬೆಂಗಳೂರಿನಲ್ಲೂ ಇಂಥದೊಂದು ನಿಜವಾದ ಕತೆ ನಡೆದಿದೆ. ಯುದ್ಧ ಮುಗಿದಾಗ ಲಿಬರೇಟರ್ ಎಂಬ ಭಾರಿ ಬಾಂಬರ್ ವಿಮಾನಗಳನ್ನು ಕಾನ್ಪುರದಲ್ಲಿ ಬಿಟ್ಟು ಹೋಗಿದ್ದರು. ಮತ್ತೆ ಹಾರದಂತೆ ಅವನ್ನು ಕೆಡಿಸಿ ಇಟ್ಟಿದ್ದರು. ಬೆಂಗಳೂರಿನ ಹಿಂದೂಸ್ತಾನ್ ವಿಮಾನ ಕಾರ್ಖಾನೆಯವರು ಹೋಗಿ, ಆ ಮುರುಕುಗಳನ್ನು ಹಾರುವಷ್ಟು ಸರಿಪಡಿಸಿ, ಬೆಂಗಳೂರಿಗೆ ಹಾರಿಸಿ ತಂದು, ಪೂರ್ತಿ ದುರಸ್ತಿ ಮಾಡಿದರು. 1948ರಿಂದ 1968ರವರೆಗೆ ಅವು ನಮ್ಮ ವಾಯುಪಡೆಯಲ್ಲಿ ದುಡಿದವು. ಅಷ್ಟರಲ್ಲಿ ಬೇರೆ ದೇಶಗಳಲ್ಲಿ ಈ ವಿಮಾನಗಳು ಹೆಚ್ಚುಕಡಿಮೆ ಗುಜರಿಯಾಗಿ ಮುಗಿದಿದ್ದವು. ಇವತ್ತು ಇಂಗ್ಲೆಂಡಿನ ರಾಯಲ್ ಏರ್‌ಫೋರ್ಸ್ ಮ್ಯೂಸಿಯಂ, ಅಮೆರಿಕದ ಅರಿಜೋನಾದ ಪೀಮಾ ಮ್ಯೂಸಿಯಂಗಳಲ್ಲಿ ನಿಂತಿರುವ ಲಿಬರೇಟರ್‌ಗಳು ನಮ್ಮಲ್ಲಿಂದ ಹೋದವೇ. ಭಂಗಾರ ಬಂಗಾರವಾದದ್ದು ಹೀಗೆ.

ಹಾಗಿದ್ದರೆ ನಾನೇಕೆ ಮಾರಲು ಹೊರಟೆ? ನನಗೆ 74 ವರ್ಷ. ಶೆಡ್ಡಿನ ತಗಡು ಸೋರುತ್ತದೆ. ಎರಡು ಮಳೆಗಾಲದಲ್ಲಿ ಕನ್ನಡಿಯ ಅಂಚಿಗೆ ಕಪ್ಪು ಚುಕ್ಕೆಗಳು ಬಂದಿವೆ. ಇನ್ನೆರಡು ಮಳೆಗಾಲ ಕಳೆದರೆ ಅದು ನಿಜಕ್ಕೂ ಭಂಗಾರವಾಗುತ್ತದೆ. ನನ್ನಂಥದೇ ಹುಚ್ಚಿರುವ ಮೂವರು ಪರಿಚಯದವರಿದ್ದರು. ಪುಣೆಯವರೊಬ್ಬರು, ಹುಬ್ಬಳ್ಳಿಯವರೊಬ್ಬರು, ಬೆಂಗಳೂರಿನವರೊಬ್ಬರು. ಮೂವರಿಗೂ ಫೋಟೋ ಕಳಿಸಿದೆ. ಕೆಳಗೆ ‘ಎಲ್ಲ ಭಾಗಗಳೂ ಮೂಲದವು’ ಎಂದು ಬರೆದೆ. ಪುಣೆಯವರು ಅರ್ಧ ತಾಸಿನಲ್ಲಿ 90,000 ರೂಪಾಯಿ ಅಂದರು.

ಫೋಟೋ ತೆಗೆದುಕೊಟ್ಟವಳು ಏಳನೇ ಇಯತ್ತೆಯ ನನ್ನ ಮೊಮ್ಮಗಳು. ಬೆಂಗಳೂರಿನವರು ಕನ್ನಡಿಯ ಪರೀಕ್ಷೆಗೆ ಒಂದು ಉಪಾಯ ಹೇಳಿದ್ದರು. ಗಣಿತದ ಚೌಕುಳಿ ಹಾಳೆಯನ್ನು ಕನ್ನಡಿಯ ಮುಂದೆ ಹಿಡಿಯಬೇಕು. ಒಳಗೆ ಕಾಣುವ ಗೆರೆಗಳು ನಯವಾಗಿ ಬಾಗಿದ್ದರೆ ಸರಿ, ಎಲ್ಲಾದರೂ ಸೊಟ್ಟಗೆ ಮುರಿದಂತೆ ಕಂಡರೆ ಅಲ್ಲಿ ದೋಷವಿದೆ. ಹಾಳೆ ಹಿಡಿದು ನಿಂತವಳು ಕೆಳಗೆ ಬಗ್ಗಿ ನೋಡಿದಳು.

“ಅಜ್ಜಾ, ಎಲ್ಲಾ ಮೂಲದ್ದು ಅಂತ ಬರ್ದೀಯಲ್ಲ, ಮತ್ತ ಈ ಮೋಟಾರಿನ ಮ್ಯಾಲ ಯಾಕ ಬ್ಯಾರೆ ಹೆಸರೈತಿ?”

ನನಗೆ ಗೊತ್ತಿತ್ತು. 1961ರಲ್ಲಿ ಮೂಲದ ಮೋಟಾರು ಸುಟ್ಟಾಗ ಅಪ್ಪ ಹೊಲಿಗೆ ಯಂತ್ರದ ಮೋಟಾರು ಕೂಡಿಸಿ, ಗೋಕಾಕದಲ್ಲಿ ಲೇಥಿನ ಮೇಲೆ ಹಲ್ಲುಗಾಲಿ ಮಾಡಿಸಿದ್ದರು. “ಅದು ಅರವತ್ತ ವರ್ಷದಿಂದ ಐತವ್ವಾ, ಹಳೇದ ಆತಲ್ಲ” ಎಂದೆ.

“ಹಳೇದು ಬ್ಯಾರೆ, ಮೂಲದ್ದು ಬ್ಯಾರೆ. ನೀನ ಹೇಳಿದ್ದಿ, ಆ ಕಂದೀಲ ತಂದಾಗ.”

ನನ್ನ ಬಾಯಿ ಕಟ್ಟಿತು. ಮೂರು ವರ್ಷದ ಹಿಂದೆ ಒಬ್ಬರು ಹೊಸ ಗಾಜು, ಹೊಸ ಬುಡ ಹಾಕಿದ ಕಂದೀಲನ್ನು ಬ್ರಿಟಿಷರ ಕಾಲದ್ದೆಂದು ನನಗೆ ಮಾರಿದ್ದರು. ಒಂದು ವಾರ ನಾನು ಮನೆತುಂಬ ಕೂಗಾಡಿದ್ದೆ. ಕೂಸು ಎಲ್ಲವನ್ನೂ ಕೇಳಿಸಿಕೊಂಡಿತ್ತು. ಈಗ 90,000 ರೂಪಾಯಿಯ ಮುಂದೆ ನಾನೂ ಅದನ್ನೇ ಮಾಡುತ್ತಿದ್ದೆ.

ಅವತ್ತು ರಾತ್ರಿ ಇಬ್ಬರೂ ಕೂತು ಹೊಸದಾಗಿ ಬರೆದೆವು. ಮೋಟಾರು ಮೂಲದ್ದಲ್ಲ. ಗಾಜಿನ ಎರಡು ಪಟ್ಟಿ ಕಿಟಕಿ ಗಾಜಿನಿಂದ ಕತ್ತರಿಸಿದವು. ಕನ್ನಡಿಯ ಅಂಚಿನಲ್ಲಿ ಕಪ್ಪು ಚುಕ್ಕೆಗಳಿವೆ. ಒಳಗಿನ ತಂತಿಗಳಿಗೆ ಕಲ್ನಾರಿನ ಹೊದಿಕೆ ಇದೆ, ಅದರ ದೂಳು ಪುಪ್ಪುಸಕ್ಕೆ ಅಪಾಯ, ಆದ್ದರಿಂದ ಕೆರೆಯಬೇಡಿ. 1974ರಿಂದ ದೀಪ ಹಚ್ಚಿಲ್ಲ, ಹಚ್ಚಿ ತೋರಿಸಲು ಆಗುವುದಿಲ್ಲ. ಹಚ್ಚಿದರೆ ಆರ್ಕನ್ನು ಬರಿಗಣ್ಣಿನಿಂದ ನೋಡಬಾರದು, ವೆಲ್ಡಿಂಗ್ ಬೆಳಕಿನಂತೆ ಅದೂ ಕಣ್ಣು ಸುಡುತ್ತದೆ.

ಮೂವರಿಗೂ ಅದನ್ನು ಕಳಿಸಿದೆ. ಪುಣೆಯವರು ನಯವಾಗಿಯೇ ಬೇಡವೆಂದರು. ಅವರಿಗೆ ಎಲ್ಲವೂ 1942ರಲ್ಲಿ ಇದ್ದಂತೆಯೇ ಬೇಕಿತ್ತು, ಅದರಲ್ಲಿ ತಪ್ಪೇನಿಲ್ಲ. ಹುಬ್ಬಳ್ಳಿಯವರ ಉತ್ತರವೇ ಬರಲಿಲ್ಲ. ನಾಲ್ಕು ದಿನ ಫೋನು ಸುಮ್ಮನಿತ್ತು. ‘ಬಾಯಿ ಮುಚ್ಚಿಕೊಂಡಿದ್ದರೆ ಆಗುತ್ತಿತ್ತು’ ಎಂದು ಒಂದೆರಡು ಸಲ ಅನಿಸಿದ್ದೂ ನಿಜ.

ಐದನೇ ದಿನ ಬೆಂಗಳೂರಿನವರು ಫೋನು ಮಾಡಿ, “ಆ ಮೋಟಾರು ಯಾರು ಕೂಡಿಸಿದ್ದು ಸಾರ್?” ಎಂದು ಕೇಳಿದರು. ಅಪ್ಪನ ಕತೆ, ಪಗಾರದ ಕತೆ, ಅವ್ವನ ರೊಟ್ಟಿಯ ಮಾತು ಎಲ್ಲ ಹೇಳಿದೆ. ಅವರು ಮೊದಲು 65,000 ಅಂದಿದ್ದರು. ಗಾಜಿಗೂ ತಂತಿಗೂ ಖರ್ಚಿದೆ ಎಂದು 10,000 ಇಳಿಸಿದರು. ಮೋಟಾರಿಗೆ ಒಂದು ರೂಪಾಯಿಯನ್ನೂ ಇಳಿಸಲಿಲ್ಲ. “ಅದನ್ನ ಬದಲಾಯಿಸೋದಿಲ್ಲ. ಈ ದೀಪ ಯುದ್ಧದಲ್ಲಿದ್ದದ್ದು ಮೂರೋ ನಾಲ್ಕೋ ವರ್ಷ, ನಿಮ್ಮ ಮನೇಲಿದ್ದದ್ದು ಅದಕ್ಕಿಂತ ಎಷ್ಟೋ ಜಾಸ್ತಿ. ನೀವು ಹೇಳಿದ್ದನ್ನೆಲ್ಲ ಒಂದು ಹಾಳೇಲಿ ಬರೆದುಕೊಡಿ” ಎಂದರು. 55,000ಕ್ಕೆ ಮಾತು ಮುಗಿಯಿತು.

ಹೊತ್ತು ಹುಟ್ಟುವ ಮೊದಲೇ ದೀಪವನ್ನು ಪಿಕಪ್ ಗಾಡಿಗೆ ಏರಿಸಿದೆವು. ಅದಕ್ಕೂ ಕಾರಣವಿದೆ. ಈ ಕನ್ನಡಿ ಬೆಳಕನ್ನು ದೂರ ಕಳಿಸುವುದಷ್ಟೇ ಅಲ್ಲ, ಸೂರ್ಯನ ಕಡೆ ತಿರುಗಿದರೆ ಬಿಸಿಲನ್ನೆಲ್ಲ ಒಂದೇ ಬಿಂದುವಿಗೆ ತಂದು ಬೆಂಕಿ ಹೊತ್ತಿಸುತ್ತದೆ. ಅಪ್ಪ ಹಗಲಿಡೀ ಅದಕ್ಕೆ ಕೌದಿ ಹೊದಿಸುತ್ತಿದ್ದದ್ದು ಅದಕ್ಕೇ. ಅವ್ವ ಹೊಲಿದ ಆ ಕೌದಿಯನ್ನೂ ಜೊತೆಗೇ ಕೊಟ್ಟೆ. ಮೊಮ್ಮಗಳು ತನ್ನ ಚೌಕುಳಿ ಹಾಳೆಯ ಮೇಲೆ ಮುತ್ತಜ್ಜನ ಕತೆ ಬರೆದು ಮಡಚಿ ಕೊಟ್ಟಳು.

ಮಕ್ಕಳೇ, ನಿಮ್ಮ ಮನೆಯಲ್ಲೂ ಒಂದು ಹಳೆಯ ವಸ್ತು ಇದ್ದೇ ಇರುತ್ತದೆ. ಯಾರು ತಂದದ್ದು, ಯಾವಾಗ ಕೆಟ್ಟಿತ್ತು, ಯಾರು ರಿಪೇರಿ ಮಾಡಿದರು ಎಂದು ಅಜ್ಜ ಅಜ್ಜಿಯರನ್ನು ಕೇಳಿ ಒಂದು ಹಾಳೆಯಲ್ಲಿ ಬರೆದಿಡಿ. ರಿಪೇರಿಯನ್ನು ಮುಚ್ಚಿಡಬೇಡಿ. ಇನ್ನೊಂದು ಮಾತು, ಸೈನ್ಯದ ಹಳೆಯ ವಸ್ತುವೆಲ್ಲ ದೀಪವಲ್ಲ. ಗುಂಡು, ಶೆಲ್ಲಿನಂಥದು ಎಲ್ಲಾದರೂ ಕಂಡರೆ ಮುಟ್ಟದೆ ದೂರ ಸರಿದು ದೊಡ್ಡವರಿಗೆ ಹೇಳಿ, ಪೊಲೀಸರಿಗೆ ತಿಳಿಸಿ.

ಮೊನ್ನೆ ಭಂಗಾರದವನು ಮತ್ತೆ ಬಂದಿದ್ದ. ಶೆಡ್ಡಿನ ಖಾಲಿ ಮೂಲೆ ನೋಡಿ ಎಷ್ಟಕ್ಕೆ ಹೋಯಿತೆಂದು ಕೇಳಿದ. ಹೇಳಿದೆ. ಅವನು ತಕ್ಕಡಿ ಕೆಳಗಿಟ್ಟು ನನ್ನ ಮುಖವನ್ನೇ ನೋಡುತ್ತ, “ಐವತ್ತೈದ ಸಾವಿರಾ? ಅದ್ರಾಗ ಬಂಗಾರ ಇತ್ತೇನ್ರಿ ಅಜ್ಜಾರ?” ಎಂದ.

“ಇತ್ತಪಾ, ತಕ್ಕಡ್ಯಾಗ ತೂಗ್ತಿದ್ದಿಲ್ಲ” ಎಂದೆ.