ಮದ್ದಿನ ಮನೆ, ಕಿಡಿ ಮತ್ತು ಮಿದುಳಿನ ಗಡ್ಡೆ

ಶ್ರೀರಂಗಪಟ್ಟಣವನ್ನು ನೋಡಿ ಬಂದವರಿಗೆ ಟಿಪ್ಪುವಿನ ಕಾಲದ ಮದ್ದಿನ ಮನೆಗಳು ನೆನಪಿನಲ್ಲಿರುತ್ತವೆ. ಮದ್ದು ಎಂಬ ಮಾತಿಗೆ ನಮ್ಮಲ್ಲಿ ಎರಡು ಅರ್ಥ: ಒಂದು ಕೋವಿಯದು, ಇನ್ನೊಂದು ವೈದ್ಯರದು. ಎರಡೂ ಅರ್ಥಗಳಿಗೆ ಒಪ್ಪುವ ಚಿಕಿತ್ಸೆಯೊಂದುಂಟು. ಮಿದುಳಿನ ಗಡ್ಡೆಗೆ ನ್ಯೂಟ್ರಾನುಗಳಿಂದ ಮಾಡುವ ಚಿಕಿತ್ಸೆಯೇ ಅದು.

ಇದನ್ನು 1936ರಲ್ಲಿ ಸೂಚಿಸಿದವರು ಗಾರ್ಡನ್ ಲೋಚರ್. ಇಲ್ಲಿಯ ಮದ್ದು ಬೋರಾನ್. ಕೇರಂ ಹಲಗೆಗೆ ಉದುರಿಸುವ ಬೋರಿಕ್ ಪುಡಿಯಲ್ಲಿರುವ ಮೂಲವಸ್ತು. ಅದರ ಬೋರಾನ್-10 ಎಂಬ ಬಗೆಯನ್ನು, ಗಡ್ಡೆ ಹೆಚ್ಚಾಗಿ ಹೀರುವಂತಹ ಔಷಧದಲ್ಲಿ ಸೇರಿಸಿ ರೋಗಿಗೆ ಕೊಡುತ್ತಾರೆ. ಬಳಿಕ ತಲೆಗೆ ನ್ಯೂಟ್ರಾನುಗಳ ಧಾರೆಯನ್ನು ಹಾಯಿಸುತ್ತಾರೆ. ನಿಧಾನಗತಿಯ ನ್ಯೂಟ್ರಾನು ಬೋರಾನಿನ ಪರಮಾಣುವನ್ನು ಹೊಕ್ಕೊಡನೆ ಅದು ಸಿಡಿದು ಹೀಲಿಯಂ, ಲಿಥಿಯಂ ಚೂರುಗಳಾಗುತ್ತದೆ. ಈ ಚೂರುಗಳು ಮಿಲಿಮೀಟರಿನ ನೂರರಲ್ಲೊಂದು ಪಾಲಿನಷ್ಟು ದೂರವನ್ನೂ ಹೋಗಲಾರವು. ಮದ್ದು ತುಂಬಿದ ಜೀವಕೋಶ ಸಾಯುತ್ತದೆ, ಪಕ್ಕದ್ದು ಉಳಿಯುತ್ತದೆ. ನ್ಯೂಟ್ರಾನು ಬರಿಯ ಕಿಡಿ.

ಹಾಗಾದರೆ ವಿಕಿರಣದ ಪ್ರಮಾಣವನ್ನು ಅಳೆಯುವುದು ಹೇಗೆ? ಉಗ್ರವಾದ ಮಿದುಳಿನ ಗಡ್ಡೆಗೆ ಕ್ಷಕಿರಣ ಕೊಡುವಾಗ 60 ಗ್ರೇ ಎಂದು ಗೊತ್ತುಮಾಡಿ, 30 ಸಲಕ್ಕೆ ಹಂಚುವುದು ವಾಡಿಕೆ. ಇಲ್ಲಿ ಅಂತಹ ಒಂದು ಅಂಕಿ ಸಾಲದು. ಬೋರಾನಿನ ಸಿಡಿತ, ದೇಹದ ಸಾರಜನಕದಿಂದ ಹೊಮ್ಮುವ ಪ್ರೋಟಾನುಗಳು, ವೇಗದ ನ್ಯೂಟ್ರಾನುಗಳು ಜಲಜನಕಕ್ಕೆ ಕೊಡುವ ಪೆಟ್ಟು, ಗಾಮಾ ಕಿರಣಗಳು ಎಂದು ನಾಲ್ಕು ಲೆಕ್ಕ. ಕೊನೆಯ ಮೂರು, ಮದ್ದು ಇರಲಿ ಬಿಡಲಿ, ಆರೋಗ್ಯವಂತ ಮಿದುಳಿಗೂ ತಗಲುತ್ತವೆ. ಸಾಲದುದಕ್ಕೆ, ಒಂದೇ ಗ್ರೇ ಎಲ್ಲೆಡೆಯೂ ಒಂದೇ ಹಾನಿ ಮಾಡದು. ಬೋರೋನೋಫಿನೈಲಲನೈನ್ ಎಂಬ ಔಷಧ ಬಳಸಿದಾಗ ಬೋರಾನಿನ ಪಾಲನ್ನು ಗಡ್ಡೆಯಲ್ಲಿ 3.8ರಿಂದಲೂ ಒಳ್ಳೆಯ ಮಿದುಳಿನಲ್ಲಿ 1.3ರಿಂದಲೂ ಗುಣಿಸುವುದು ರೂಢಿ.

ಈ ಲೆಕ್ಕ ತಪ್ಪಿದರೆ ಏನಾಗುವುದೆಂಬುದನ್ನು ಜಗತ್ತು ಕಂಡಿದೆ. 1951ರಲ್ಲಿ ಅಮೆರಿಕದ ಬ್ರೂಕ್‌ಹೇವನ್ನಿನಲ್ಲಿ ಮೊದಲಾದ ಪ್ರಯೋಗಗಳು 1961ರಲ್ಲಿ ನಿಂತವು. ಗಡ್ಡೆಯನ್ನು ಸೇರಬೇಕಾದ ಬೋರಾನ್ ರಕ್ತದಲ್ಲಿಯೇ ಬಹಳವಾಗಿ ಉಳಿದಿತ್ತು. ಮದ್ದಿನ ಮನೆ ಸೇರಬೇಕಾದುದು ದಾರಿಯಲ್ಲಿ ಚೆಲ್ಲಿದರೆ ಸಿಡಿಯುವುದು ದಾರಿಯೇ. ರಕ್ತನಾಳಗಳು ಕೆಟ್ಟವು, ರೋಗಿಗಳು ಉಳಿಯಲಿಲ್ಲ. 1968ರಲ್ಲಿ ಜಪಾನಿನ ಹಿರೋಷಿ ಹಟನಾಕ ಬೇರೆ ಔಷಧದೊಡನೆ ಕೆಲಸವನ್ನು ಮತ್ತೆ ಕೈಗೆತ್ತಿಕೊಂಡರು. ಈಗ ರಕ್ತ ತೆಗೆದು ಬೋರಾನನ್ನು ಅಳೆಯುತ್ತಾರೆ. ಒಳ್ಳೆಯ ಮಿದುಳು ಎಷ್ಟು ತಾಳೀತೋ ಅಷ್ಟಕ್ಕೆ ಕಿರಣದ ಹೊತ್ತನ್ನು ಮಿತಗೊಳಿಸುತ್ತಾರೆ.

ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲದ ಮನೆಗಳವರು ಇಂತಹ ಕಾಯಿಲೆ ಬಂದಾಗ ಮೈಸೂರಿಗೋ, ಬೆಂಗಳೂರಿನ ಕಿದ್ವಾಯಿ, ನಿಮ್ಹಾನ್ಸ್‌ಗಳಿಗೋ ಹೋಗುತ್ತಾರೆ. ಅಲ್ಲಿ ದೊರೆಯುವ ಶಸ್ತ್ರಚಿಕಿತ್ಸೆ, ಕ್ಷಕಿರಣ, ಗುಳಿಗೆಗಳು ಪರೀಕ್ಷಿತವಾದ ದಾರಿ. ಜಪಾನಿನಲ್ಲಿ ಒಂದೇ ಸಲಕ್ಕೆ ಮುಗಿಯುತ್ತದೆಯಂತೆ ಎಂಬ ಸುದ್ದಿ ಕೇಳಿ ಗದ್ದೆ ಮಾರಲು ಹೊರಡುವವರಿಗೆ ಒಂದು ಮಾತು: ಆ ದೇಶ 2020ರಲ್ಲಿ ಒಪ್ಪಿಗೆ ಕೊಟ್ಟದ್ದು ತಲೆ-ಕತ್ತಿನ ಕೆಲವು ಕ್ಯಾನ್ಸರುಗಳಿಗೆ, ಮಿದುಳಿನ ಗಡ್ಡೆಗಲ್ಲ. ಗಡ್ಡೆಯಲ್ಲಿ ಬೋರಾನ್ ಎಷ್ಟು, ರಕ್ತದಲ್ಲಿ ಎಷ್ಟು, ಒಳ್ಳೆಯ ಮಿದುಳಿಗೆ ತಗಲುವುದೆಷ್ಟು ಎಂಬ ಮೂರು ಪ್ರಶ್ನೆಗಳನ್ನು ನಿಮ್ಮ ವೈದ್ಯರ ಮುಂದಿಡಿ. ಅಂಕಿಗಳಲ್ಲಿ ಉತ್ತರ ಬಂದ ಮೇಲೆ ಗದ್ದೆಯ ಯೋಚನೆ ಮಾಡಬಹುದು.